ಸಂದರ್ಶನ ಮುಗಿದ ಮೇಲೆ: ಉಮೇದುವಾರನ ಕಥೆ, ರಸೀದಿಯ ಕಥೆ

ನೌಕರಿಗೆ ಸಂದರ್ಶನ ಕೊಟ್ಟು ಊರಿಗೆ ಬಂದ ಹುಡುಗನನ್ನು ನಮ್ಮ ಕಡೆ ಹೆಚ್ಚು ಮಂದಿ "ಹ್ಯಾಂಗ ಆತು?" ಅಂತ ಕೇಳುವುದಿಲ್ಲ. "ಒಳಗ ಯಾರರ ಅದಾರೇನೋ ತಮ್ಮಾ?" ಅಂತಲೇ ಕೇಳುತ್ತಾರೆ. ಆಳಂದ ತಾಲೂಕಿನ ಮಟಕಿಯಾಗಲಿ, ಅಫಜಲಪುರದ, ಜೇವರ್ಗಿಯ ಯಾವ ಹಳ್ಳಿಯಾಗಲಿ, ಕಟ್ಟೆಯ ಮೇಲಿನ ಹಿರಿಯರ ಬಾಯಲ್ಲಿ ಬರುವ ಮಾತು ಇದೇ. ಕೇಳುವವರು ಕೆಟ್ಟವರೇನಲ್ಲ. ಕಂಡದ್ದನ್ನು ಕೇಳುತ್ತಾರೆ. ಸಂದರ್ಶನಕ್ಕೂ ಪಟ್ಟಿಗೂ ನಡುವೆ ಇರುವ ತಿಂಗಳುಗಳಲ್ಲಿ ಏನೋ ನಡೆಯುತ್ತದೆ, ಅದು ನಮಗೆ ಕಾಣುವುದಿಲ್ಲ, ಕಾಣುವವರ ಕೈಕಾಲು ಹಿಡಿಯಬೇಕು ಎನ್ನುವುದು ಈ ಭಾಗದ ಹಳೆಯ ಅನುಭವ. ಆ ನಡುವಿನ ಕಾಲದಲ್ಲಿ ನಮ್ಮ ಜನ ಏನೇನು ಮಾಡಿದರು, ಅದರಲ್ಲಿ ಯಾವುದು ಫಲ ಕೊಟ್ಟಿತು ಎಂಬುದನ್ನು ಹಿಂದಿನಿಂದ ನೋಡಿಕೊಂಡು ಬರುವ ಪ್ರಯತ್ನ ಈ ಬರಹ.

ಮೊದಲು ಶಬ್ದಗಳನ್ನು ನೋಡಿ. ಅರ್ಜಿ, ನೌಕರಿ, ಹಾಜರಿ, ಶಿಫಾರಸು, ವಶೀಲಿ, ಮಂಜೂರು, ಹುಕುಂ, ನಕಲು, ರಸೀದಿ. ಕೆಲಸ ಕೇಳುವ ನಮ್ಮ ಭಾಷೆಯ ಬಹುಪಾಲು ಫಾರಸಿ, ಅರಬ್ಬಿಯಿಂದ ದರ್ಬಾರುಗಳ ಮೂಲಕ ಇಳಿದು ಬಂದದ್ದು. 'ಅರ್ಜಿ' ಎಂದರೆ ದೊಡ್ಡವರ ಮುಂದೆ ಮಾಡುವ ಬಿನ್ನಹ. 'ವಶೀಲಿ'ಯ ಮೂಲ ಅರ್ಥ ಬರೀ ಸಾಧನ, ದಾರಿ. ಒಳಗಿರುವ ಮನುಷ್ಯನೇ ದಾರಿ ಎಂದಾದ ಮೇಲೆ ಆ ಶಬ್ದಕ್ಕೆ ಈಗಿನ ಅರ್ಥ ಅಂಟಿಕೊಂಡಿತು. ಇನ್ನು 'ಉಮೇದುವಾರ'. ಉಮೇದು ಅಂದರೆ ಫಾರಸಿಯಲ್ಲಿ ಆಸೆ, ಭರವಸೆ. ಇವತ್ತು ಈ ಶಬ್ದ ನಮಗೆ ಕೇಳುವುದು ಚುನಾವಣೆ ಬಂದಾಗ ಮಾತ್ರ. ಆಗ ಉಮೇದುವಾರ ಎಂದರೆ ಕಚೇರಿಯ ಪಡಸಾಲೆಯಲ್ಲಿ ನೌಕರಿಯ ಆಸೆಯಿಂದ ನಿಂತವನು. 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಎಂಬ ಆಂಗ್ಲೋ-ಇಂಡಿಯನ್ ಶಬ್ದಕೋಶ ಈ ಶಬ್ದಕ್ಕೆ ಪ್ರತ್ಯೇಕ ನಮೂದನ್ನೇ ಕೊಟ್ಟಿದೆ. ಅಷ್ಟು ಸಾಮಾನ್ಯವಾಗಿದ್ದ ಮನುಷ್ಯ ಅವನು.

ಉಮೇದುವಾರನ ಫಾಲೋಅಪ್ ಹೀಗಿತ್ತು: ದಿನಾ ಕಚೇರಿಗೆ ಬರುವುದು, ಸಾಹೇಬರಿಗೆ ಸಲಾಮು ಹೊಡೆಯುವುದು, ಕಾರಕೂನ ಹೇಳಿದ ಕಾಗದ ನಕಲು ಮಾಡಿಕೊಡುವುದು, ಸಂಬಳವಿಲ್ಲದೆ ಕೆಲಸ ಕಲಿಯುವುದು, ಜಾಗ ಖಾಲಿಯಾದಾಗ ಕಣ್ಣಿಗೆ ಬೀಳುವಂತೆ ಇರುವುದು. ಬ್ರಿಟಿಷರ ಆಳ್ವಿಕೆಯ ಧಾರವಾಡದ ಕಡೆಯೂ ಇದೇ ಪದ್ಧತಿ, ನಿಜಾಮರ ಸೀಮೆಯಲ್ಲೂ ಇದೇ. ಇದರಲ್ಲಿ ಒಂದು ತರ್ಕವಿತ್ತು, ಅಲ್ಲಗಳೆಯುವಂತಿಲ್ಲ. ಲಿಖಿತ ಪರೀಕ್ಷೆ ಇಲ್ಲದ ಕಾಲದಲ್ಲಿ ವರ್ಷಗಟ್ಟಲೆ ಎದುರಿಗೆ ನಿಲ್ಲುವುದೇ ಪರೀಕ್ಷೆ, ಅದೇ ಸಂದರ್ಶನ, ಅದೇ ಫಾಲೋಅಪ್. ಆದರೆ ಸಂಬಳವಿಲ್ಲದೆ ವರ್ಷಗಟ್ಟಲೆ ನಿಲ್ಲಲು ಮನೆಯಲ್ಲಿ ಜ್ವಾರಿಯ ಚೀಲ ತುಂಬಿರಬೇಕಲ್ಲ? ಪಡಸಾಲೆ ಹತ್ತಲು ಬಿಡುವ ಜಾತಿಯೂ ಆಗಿರಬೇಕು. ಕೂಲಿಯವರ ಮಗ ಉಮೇದುವಾರನೂ ಆಗಲಾರದವನು.

ಆಳಂದದ ಸ್ಥಿತಿ ಇನ್ನೊಂದು ಮಟ್ಟ ಕೆಳಗೆ. ಕಲಬುರಗಿ ನಿಜಾಮರ ಒಂದು ಸುಬಾದ ಮುಖ್ಯ ಊರು, ಅಲ್ಲಿ ಸುಬೇದಾರರ ಕಚೇರಿ ಇತ್ತು, ನಿಜ. ಆಳಂದ ಮಾತ್ರ ಪಾಯಗಾ ತಾಲೂಕು, ಅಂದರೆ ನಿಜಾಮರ ಸೈನ್ಯ ಪೋಷಿಸುವ ದೊಡ್ಡ ಉಮರಾವ್ ಮನೆತನಕ್ಕೆ ಬಿಟ್ಟುಕೊಟ್ಟ ಜಹಗೀರು. ಆಡಳಿತದ ಭಾಷೆ ಮೊದಲು ಫಾರಸಿ, 1880ರ ದಶಕದಿಂದ ಉರ್ದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಅರ್ಜಿಯಲ್ಲಿ ಉರ್ದು. ಅರ್ಜಿ ಬರೆಯಿಸಲೇ ಒಬ್ಬನಿಗೆ ದುಡ್ಡು ಕೊಡಬೇಕಾದವನು ಆ ಅರ್ಜಿ ಎಲ್ಲಿಗೆ ಬಂತು ಎಂದು ತಾನೇ ಹೋಗಿ ಕೇಳುವುದು ಹೇಗೆ?

ಮೊದಲನೇ ಸಾಲಾರ್ ಜಂಗರ ಕಾಲದಿಂದ ಉತ್ತರ ಹಿಂದೂಸ್ತಾನದ ವಿದ್ಯಾವಂತರನ್ನು ಕರೆಸಿ ದೊಡ್ಡ ಹುದ್ದೆ ಕೊಡುವ ರೂಢಿ ಬೆಳೆಯಿತು. ಅದರ ವಿರುದ್ಧ ಎದ್ದ ಅಸಮಾಧಾನದ ಫಲವೇ 'ಮುಲ್ಕಿ' ನಿಯಮ. ಸಂಸ್ಥಾನದಲ್ಲಿ ಹುಟ್ಟಿದವರಿಗೆ, ಇಲ್ಲವೆ 15 ವರ್ಷ ನೆಲೆಸಿದವರಿಗೆ ಸರ್ಕಾರಿ ನೌಕರಿ ಎಂಬುದು 1919ರ ಫರ್ಮಾನಿನೊಂದಿಗೆ ಗಟ್ಟಿಯಾಯಿತು. ಕಾಗದದ ಮೇಲೆ ಒಳ್ಳೆಯದೇ. ಆದರೆ ಹೈದರಾಬಾದಿನ ಮುಲ್ಕಿಗೂ ಆಳಂದದ ಮುಲ್ಕಿಗೂ ಇದ್ದ ಅಂತರವನ್ನು ಆ ನಿಯಮ ಮುಟ್ಟಲಿಲ್ಲ. ಜಿಲ್ಲೆಗೆ ಅನ್ಯಾಯ ಆದರೆ ಕೇಳುವ ಜಾಗ ಮತ್ತೆ ದರ್ಬಾರೇ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕನ್ನಡದ ದೃಷ್ಟಿಯಿಂದ ಇದು ಮನೆಗೆ ಬಂದ ಹಾಗೆ. ನೌಕರಿಯ ಬೆನ್ನು ಹತ್ತುವವನ ದೃಷ್ಟಿಯಿಂದ ನೋಡಿದರೆ ಇನ್ನೊಂದು ಲೆಕ್ಕ. ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿಲೋಮೀಟರ್, ಬೆಂಗಳೂರು ಸುಮಾರು 600. ಕಡತ ಎಲ್ಲಿದೆ ಎಂದು ಕೇಳಿ ಬರುವ ದಾರಿ ಒಂದೇ ದಿನದಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು ಬೆಳೆಯಿತು. ಅಲ್ಲಿಗೆ ಹೋದರೆ ಎದುರಿಗಿದ್ದವರು ಹಳೆಯ ಮೈಸೂರಿನವರು. ಅವರಲ್ಲಿ ನೇಮಕಾತಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಪರಂಪರೆ ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೂ ಇತ್ತು. 1951ರ ಮೇ 18ರಂದೇ ಲೋಕಸೇವಾ ಆಯೋಗ ಶುರುವಾಗಿತ್ತು. ಉರ್ದು ಶಾಲೆಯಲ್ಲಿ ಓದಿದ ನಮ್ಮವರಿಗೆ ಕಚೇರಿಯ ಇಂಗ್ಲಿಷೂ ಹೊಸದು, ಕಚೇರಿಯ ಕನ್ನಡವೂ ಹೊಸದು. ಹೀಗಾಗಿ 'ಒಳಗ ಯಾರರ ಅದಾರೇನು' ಎಂಬ ಪ್ರಶ್ನೆ ಸಾಯಲಿಲ್ಲ. ರೈಲು ಹತ್ತಿತು ಅಷ್ಟೆ. ಸಂಜೆ ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು, ಶಾಸಕರ ಭವನದ ಕೋಣೆಯ ಮುಂದೆ ಚಪ್ಪಲಿ ಬಿಟ್ಟು ನಿಂತವರು ಎಷ್ಟು ಮಂದಿಯೋ. ಉಮೇದುವಾರನ ಪಡಸಾಲೆ ಬದಲಾಗಿತ್ತು.

ಇದರ ಜೊತೆಗೆ ಉದ್ಯೋಗ ವಿನಿಮಯ ಕಚೇರಿಯ ಕಾಲವೊಂದಿತ್ತು. ಎರಡನೇ ಮಹಾಯುದ್ಧ ಮುಗಿದಾಗ ಊರಿಗೆ ಮರಳುವ ಸೈನಿಕರಿಗಾಗಿ 1945ರಲ್ಲಿ ಶುರುವಾದ ಈ ವ್ಯವಸ್ಥೆಗೆ 1959ರಲ್ಲಿ ಕಾಯ್ದೆಯ ಬಲ ಬಂತು. ಹೆಸರು ನೋಂದಾಯಿಸಿ, ಮೂರು ವರ್ಷಕ್ಕೊಮ್ಮೆ ಕಾರ್ಡು ನವೀಕರಿಸಿ, 'ಇಂಟರ್‌ವ್ಯೂ ಕಾರ್ಡ್' ಬರುವುದನ್ನು ಕಾಯುವುದು. ಅಂಚೆಯವನು ಆ ಕಾರ್ಡನ್ನು ಸಂದರ್ಶನದ ದಿನ ಕಳೆದ ಮೇಲೆ ತಂದ ಕಥೆ ಪ್ರತಿ ಊರಲ್ಲೂ ಒಂದಾದರೂ ಸಿಗುತ್ತದೆ. ವಿನಿಮಯ ಕಚೇರಿ ಕಳಿಸಿದ ಹೆಸರುಗಳನ್ನು ಮಾತ್ರ ನೋಡಿದರೆ ಸಾಲದು, ಪತ್ರಿಕೆಯಲ್ಲೂ ಜಾಹೀರಾತು ಕೊಟ್ಟು ಎಲ್ಲರನ್ನೂ ಪರಿಗಣಿಸಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ ಮೇಲೆ ಆ ಕಾರ್ಡಿನ ಮಹತ್ವ ಇಳಿಯಿತು.

ಈಗ ಸಂದರ್ಶನದ ಒಳಕೋಣೆಗೆ ಬರೋಣ. ಆ ಕೋಣೆಯಲ್ಲಿ ಕೊಡುವ ಅಂಕ ಎಷ್ಟಿರಬೇಕು ಎಂಬ ಜಗಳದಲ್ಲಿ ಮೊದಮೊದಲಿನ ದೊಡ್ಡ ಪ್ರಕರಣ ನಮ್ಮ ರಾಜ್ಯದ್ದೇ. ಮೈಸೂರು ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಿಗೆ ಸಂದರ್ಶನದ ಅಂಕ ಸೇರಿಸಿದ್ದನ್ನು ಪ್ರಶ್ನಿಸಿದ ಚಿತ್ರಲೇಖಾ ಪ್ರಕರಣದಲ್ಲಿ 1964ರಲ್ಲಿ ಸುಪ್ರೀಂ ಕೋರ್ಟ್ ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು. 1981ರ ಅಜಯ್ ಹಾಸಿಯಾ ಪ್ರಕರಣಕ್ಕೆ ಬರುವಷ್ಟರಲ್ಲಿ ಕೋರ್ಟಿಗೂ ಅನುಮಾನ ಹುಟ್ಟಿತ್ತು. ಒಟ್ಟು ಅಂಕದಲ್ಲಿ ಮೂರನೇ ಒಂದು ಭಾಗ ಸಂದರ್ಶನಕ್ಕೆ ಇಟ್ಟದ್ದು ತಪ್ಪು, ಶೇ 15ಕ್ಕಿಂತ ಹೆಚ್ಚು ಕೂಡದು ಎಂದಿತು. ಸಂದರ್ಶನವನ್ನು ಟೇಪ್‌ನಲ್ಲಿ ದಾಖಲಿಸಿದರೆ ಒಳ್ಳೆಯದು ಎಂಬ ಸಲಹೆಯೂ ಅದರಲ್ಲಿದೆ. 1985ರಲ್ಲಿ ಹರಿಯಾಣದ ಪ್ರಕರಣವೊಂದರಲ್ಲಿ ಈ ಮಿತಿ ಇನ್ನೂ ಇಳಿಯಿತು, ಸುಮಾರು ಶೇ 12ಕ್ಕೆ. ಇಷ್ಟಾದರೂ ಅಂಕ ಯಾವತ್ತು, ಯಾರು, ಹೇಗೆ ಬರೆದರು ಎಂಬುದು ಅಭ್ಯರ್ಥಿಗೆ ಕಾಣುವ ವ್ಯವಸ್ಥೆ ಇರಲಿಲ್ಲ.

ಕಾಣದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕ ಲೋಕಸೇವಾ ಆಯೋಗದ 2011ನೇ ಸಾಲಿನ ನೇಮಕಾತಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 'ಎ' ಮತ್ತು 'ಬಿ' ಗುಂಪಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳು. ವ್ಯಕ್ತಿತ್ವ ಪರೀಕ್ಷೆಗೆ, ಅಂದರೆ ಸಂದರ್ಶನಕ್ಕೆ, 200 ಅಂಕ. 2013ರಲ್ಲಿ ಸಂದರ್ಶನ ನಡೆಯಿತು. ಆಯ್ಕೆಗೆ ಹಣ ಕೇಳಿದರು ಎಂದು ಅಭ್ಯರ್ಥಿಯೊಬ್ಬರು ಲಿಖಿತ ದೂರು ಕೊಟ್ಟರು. ಸರ್ಕಾರ ಸಿಐಡಿ ತನಿಖೆಗೆ ಒಪ್ಪಿಸಿತು. ಆಯೋಗದ ಸುಧಾರಣೆಗೆ ಯುಪಿಎಸ್‌ಸಿ ಮಾಜಿ ಅಧ್ಯಕ್ಷ ಪಿ.ಸಿ. ಹೋಟಾ ಅವರ ಸಮಿತಿ ಕೂತಿತು. ಆಯೋಗ 2014ರ ಮಾರ್ಚ್‌ನಲ್ಲಿ ಅಂತಿಮ ಪಟ್ಟಿ ಹೊರಡಿಸಿದರೂ ಆಗಸ್ಟ್‌ನಲ್ಲಿ ಸರ್ಕಾರ ಇಡೀ ಆಯ್ಕೆಯನ್ನೇ ಕೈಬಿಟ್ಟಿತು.

ಮುಂದಿನದ್ದು ಫಾಲೋಅಪ್‌ನ ಪರಮಾವಧಿ. ಪಟ್ಟಿಯಲ್ಲಿದ್ದವರು ಧರಣಿ ಕೂತರು, ಮುಖಂಡರ ಮನೆ ಸುತ್ತಿದರು, ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ ಹೋದರು. 2016ರ ಅಕ್ಟೋಬರ್‌ನಲ್ಲಿ ನೇಮಕ ಮಾಡಿ ಎಂದು ಮಂಡಳಿ ಹೇಳಿತು. 2018ರ ಮಾರ್ಚ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಗೆ ಒಪ್ಪಲಿಲ್ಲ. ಅಲ್ಲಿಗೆ ಮುಗಿಯಿತು ಎನ್ನುವಾಗ 2022ರಲ್ಲಿ ವಿಧಾನಮಂಡಲವೇ ಕಾಯ್ದೆ ಮಾಡಿ ಆ ಆಯ್ಕೆಯನ್ನು ಸಿಂಧುಗೊಳಿಸಿತು. ಸಂದರ್ಶನದಿಂದ ಲೆಕ್ಕ ಹಾಕಿದರೆ ಒಂಬತ್ತು ವರ್ಷ.

ಈ ಕಥೆಯನ್ನು ಒಂದು ಕಡೆಯಿಂದ ಹೇಳುವುದು ಸುಲಭ, ಎರಡೂ ಕಡೆಯಿಂದ ಹೇಳುವುದು ಕಷ್ಟ. ಹಣ ಕೊಟ್ಟವರು ಆ ಪಟ್ಟಿಯಲ್ಲಿ ಇದ್ದರು ಎಂಬ ಆರೋಪದ ಕಾರಣಕ್ಕೆ ಪ್ರಾಮಾಣಿಕವಾಗಿ ಓದಿ ಬಂದವರೂ ಒಂಬತ್ತು ವರ್ಷ ಕಳೆದುಕೊಂಡರು. ಅದೇ ಹೊತ್ತಿಗೆ ಹಣ ಕೊಡದ ಕಾರಣಕ್ಕೆ ಪಟ್ಟಿಯಿಂದ ಹೊರಗುಳಿದವರು ಯಾರಾದರೂ ಇದ್ದರೆ ಅವರಿಗೆ 2022ರ ಕಾಯ್ದೆ ಏನನ್ನೂ ಕೊಡಲಿಲ್ಲ. ಪಟ್ಟಿಯಲ್ಲಿದ್ದವರಿಗೆ ಸಂಖ್ಯೆಯಿತ್ತು, ದನಿಯಿತ್ತು, ಬೆಂಬಲಿಸುವ ಪಕ್ಷಗಳಿದ್ದವು. ಹೊರಗಿದ್ದವರು ಒಬ್ಬೊಬ್ಬರೇ. ಆ ಕಾಯ್ದೆ ಸರಿಯೋ ತಪ್ಪೋ ಎಂಬ ಚರ್ಚೆಯಲ್ಲಿ ಈ ಹೊರಗಿದ್ದವರ ಮಾತು ಬಂದದ್ದು ಬಹಳ ಕಡಿಮೆ ಎಂಬುದು ನನ್ನ ತಕರಾರು.

ಹೊರಗಿದ್ದವರೂ ಗೆದ್ದ ಪ್ರಕರಣ ಒಂದಿದೆ. 1998ನೇ ಸಾಲಿನ 383 ಹುದ್ದೆಗಳ ನೇಮಕಾತಿ. ಮೌಲ್ಯಮಾಪನದಲ್ಲೂ ಆಯ್ಕೆಯಲ್ಲೂ ಅಕ್ರಮ ನಡೆದಿದೆ ಎಂದು ಅಭ್ಯರ್ಥಿಗಳೇ ಹೈಕೋರ್ಟಿನ ಮೆಟ್ಟಿಲು ಹತ್ತಿದರು. 2016ರ ಜೂನ್ 21ರಂದು ತೀರ್ಪು ಬಂತು, ಪಟ್ಟಿಯನ್ನು ಪರಿಷ್ಕರಿಸಬೇಕು ಎಂದು. ಪರಿಷ್ಕೃತ ಪಟ್ಟಿ ಹೊರಬಂದದ್ದು 2019ರಲ್ಲಿ. ಇಪ್ಪತ್ತು ವರ್ಷ ದಾಟಿತ್ತು. ಕೆಲವರ ಹುದ್ದೆ ಅದಲುಬದಲಾಯಿತು, ಕೆಲವರು ಕುರ್ಚಿಯನ್ನೇ ಬಿಡಬೇಕಾಗಿ ಬಂತು. ಇಪ್ಪತ್ತು ವರ್ಷ ಕಾದ ನ್ಯಾಯವನ್ನು ನ್ಯಾಯ ಎನ್ನಬೇಕೋ ಬೇಡವೋ, ಓದುಗರಿಗೇ ಬಿಡುತ್ತೇನೆ. ಆದರೆ ಅಲ್ಲಿ ಕೆಲಸ ಮಾಡಿದ್ದು ಸಲಾಮಲ್ಲ, ಶಿಫಾರಸಲ್ಲ. ಅಂಕಪಟ್ಟಿ, ಉತ್ತರಪತ್ರಿಕೆ, ಕಡತ.

ಆ ಕಡತವನ್ನು ಕೇಳುವ ಹಕ್ಕು ನಮಗೆ ಬಂದದ್ದು ತೀರಾ ಇತ್ತೀಚೆಗೆ. ಕರ್ನಾಟಕ 2000ದಲ್ಲೇ ತನ್ನದೊಂದು ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ಕೇಂದ್ರದ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ರಂದು. ಅಭ್ಯರ್ಥಿಗೆ ತನ್ನ ಉತ್ತರಪತ್ರಿಕೆ ನೋಡುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ಆದಿತ್ಯ ಬಂಡೋಪಾಧ್ಯಾಯ ಪ್ರಕರಣದಲ್ಲಿ ಹೇಳಿತು. 2016ರ ಫೆಬ್ರುವರಿಯಲ್ಲಿ ಕೇರಳ ಲೋಕಸೇವಾ ಆಯೋಗದ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಂದರ್ಶನದ ಅಂಕವನ್ನೂ ಕೊಡಬೇಕು, ಮೌಲ್ಯಮಾಪಕರ ಹೆಸರು ಮಾತ್ರ ಕೊಡಬೇಕಿಲ್ಲ ಎಂದಿತು. ಎಲ್ಲವೂ ಹೀಗೇ ತೆರೆಯುತ್ತಾ ಹೋಗಲಿಲ್ಲ. 2018ರಲ್ಲಿ ಯುಪಿಎಸ್‌ಸಿ ಪ್ರಕರಣವೊಂದರಲ್ಲಿ ಕೋರ್ಟ್ ಬಾಗಿಲನ್ನು ಸ್ವಲ್ಪ ಹಿಂದಕ್ಕೆ ಎಳೆಯಿತು. ಆದರೂ ಹತ್ತು ರೂಪಾಯಿ ಶುಲ್ಕಕ್ಕೆ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲದೆ, 'ನನಗೆ ಎಷ್ಟು ಅಂಕ ಬಂದಿದೆ?' ಎಂದು ಕೇಳಬಹುದಾದ ಸ್ಥಿತಿ ಮಟಕಿಯ ಹುಡುಗಿಯ ಅಜ್ಜನಿಗೆ ಕನಸಿನಲ್ಲೂ ಇರಲಿಲ್ಲ. ಅರ್ಜಿ ಎಂಬ ಶಬ್ದ ಅದೇ ಉಳಿಯಿತು, ಒಳಗಿನ ಮಾತು ಬಿನ್ನಹದಿಂದ ಪ್ರಶ್ನೆಗೆ ತಿರುಗಿತು.

ಈ ಪ್ರಶ್ನೆಯನ್ನು ಹೇಗೆ ಕೇಳಬೇಕು ಎಂಬುದೂ ಒಂದು ವಿದ್ಯೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಹೀಗಾಗಿ ಅನ್ಯಾಯದ ಕಥೆ ಬರೆಯಬಾರದು. ನನ್ನ ಲಿಖಿತ ಅಂಕ, ನನ್ನ ಸಂದರ್ಶನದ ಅಂಕ, ನನ್ನ ಮೀಸಲಾತಿ ಗುಂಪಿನಲ್ಲಿ ಕೊನೆಗೆ ಆಯ್ಕೆಯಾದವರ ಒಟ್ಟು ಅಂಕ, ಇಷ್ಟು ಕೇಳಿದರೆ ಸಾಕು. ನಮ್ಮ ಭಾಗದವರು ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು: ಸ್ಥಳೀಯ ವೃಂದದಲ್ಲಿ ಎಷ್ಟು, ಉಳಿದ ಮೂಲ ವೃಂದದಲ್ಲಿ ಎಷ್ಟು ಎಂದು ಬೇರೆಬೇರೆಯಾಗಿ. 30 ದಿನಕ್ಕೆ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದಲ್ಲಿ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು.

ಇಲ್ಲಿ ದರ್ಬಾರಿನ ಕಾಲದ ಒಂದು ಚಟ ನಮ್ಮವರಿಗೆ ಬಹಳ ನಷ್ಟ ಮಾಡಿದೆ. ಅದು ಅರ್ಜಿಯ ಮೇಲೆ ಅರ್ಜಿ ಹಾಕುವ ಚಟ. ಮತ್ತೆ ಮತ್ತೆ ಕೇಳಿದರೆ ದೊರೆಯ ಮನಸ್ಸು ಕರಗುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಆಡಳಿತ ನ್ಯಾಯಮಂಡಳಿಗಳ 1985ರ ಕಾಯ್ದೆಯಲ್ಲಿ ಕರಗುವ ಮನಸ್ಸಿಗೆ ಜಾಗವಿಲ್ಲ, ಗಡುವಿಗೆ ಇದೆ. ಅಂತಿಮ ಆದೇಶ ಬಂದ ದಿನದಿಂದ ಒಂದು ವರ್ಷ. ಸೇವಾ ನಿಯಮದಲ್ಲಿರುವ ಮೇಲ್ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರ ಬಾರದಿದ್ದರೆ ಆ ಆರು ತಿಂಗಳು ಮುಗಿದಲ್ಲಿಂದ ಒಂದು ವರ್ಷ. ಮೇಲಿಂದ ಮೇಲೆ ಮನವಿ ಕೊಟ್ಟರೆ ಗಡುವು ಬೆಳೆಯುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1989ರಲ್ಲೇ, ರಾಥೋರ್ ಪ್ರಕರಣದಲ್ಲಿ, ಸ್ಪಷ್ಟ ಮಾಡಿದೆ. ಐದು ವರ್ಷ ಐವತ್ತು ಮನವಿ ಕೊಟ್ಟು, ಕೊನೆಗೆ ವಕೀಲರ ಬಳಿ ಹೋಗಿ "ತಡ ಆತಲ್ಲರೀ" ಎಂಬ ಮಾತು ಕೇಳಿಸಿಕೊಂಡು ಬಂದವರು ನಮ್ಮ ಕಡೆ ಕಡಿಮೆಯೇನಿಲ್ಲ. ಹಟ ಇದ್ದವರೇ ಸೋತರು, ಯಾಕೆಂದರೆ ಅವರ ಹಟ ಉಮೇದುವಾರನ ಹಟವಾಗಿತ್ತು.

ಇನ್ನೊಂದು ಮಾತು ಕಹಿಯಾದರೂ ಗೊತ್ತಿರಲಿ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ನೌಕರಿ ಸಿಕ್ಕೇಬಿಡಬೇಕೆಂಬ ಹಕ್ಕಿಲ್ಲ. ಶಂಕರಸನ್ ದಾಸ್ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು. ಹಾಗಂತ ಸರ್ಕಾರ ಮನಬಂದಂತೆ ಮಾಡುವಂತಿಲ್ಲ, ಕಾರಣ ಇರಬೇಕು ಎಂದೂ ಅದೇ ತೀರ್ಪು ಹೇಳುತ್ತದೆ. ಆಯ್ಕೆ ಶುರುವಾದ ಮೇಲೆ ನಡುವೆ ಅದರ ನಿಯಮವನ್ನು ಬದಲಿಸುವಂತಿಲ್ಲ ಎಂಬುದನ್ನು 2024ರ ನವೆಂಬರ್‌ನಲ್ಲಿ ಐವರ ಸಂವಿಧಾನ ಪೀಠ ಮತ್ತೆ ಗಟ್ಟಿ ಮಾಡಿದೆ. ಮೂಲ ನಿಯಮದಲ್ಲೇ ಅದಕ್ಕೆ ಅವಕಾಶವಿದ್ದರೆ ಮಾತ್ರ ಬೇರೆ. ಮಿಠಾಯಿ ಹಂಚುವ ಮೊದಲು ಅಧಿಸೂಚನೆಯ ಪ್ರತಿಯನ್ನು ತೆಗೆದಿಡಿ ಎಂದು ನಾನು ಹೇಳುವುದು ಇದಕ್ಕೇ.

ಒಬ್ಬೊಬ್ಬರ ಫಾಲೋಅಪ್ ಹೀಗಾದರೆ, ಇಡೀ ಭಾಗದ ಫಾಲೋಅಪ್ ಒಂದು ನಡೆಯಿತು. 371(ಜೆ)ಗಾಗಿ ನಡೆದ ಹೋರಾಟ. ವೈಜನಾಥ ಪಾಟೀಲರ ನೇತೃತ್ವದ ಚಳವಳಿ, ಜೇವರ್ಗಿ ತಾಲೂಕಿನ ನೇಲೋಗಿಯ ಧರ್ಮಸಿಂಗ್, ಮಲ್ಲಿಕಾರ್ಜುನ ಖರ್ಗೆ ಅವರ ಪ್ರಯತ್ನ, ಬೀದಿಯಲ್ಲಿ ನಿಂತ ಸಾವಿರಾರು ವಿದ್ಯಾರ್ಥಿಗಳು, ಎಲ್ಲ ಸೇರಿ ಸಂವಿಧಾನದ 98ನೇ ತಿದ್ದುಪಡಿಯಾಯಿತು. 2013ರ ನವೆಂಬರ್‌ನಲ್ಲಿ ಹೊರಟ ಆದೇಶದ ಪ್ರಕಾರ ಈ ಭಾಗದ ಸ್ಥಳೀಯ ವೃಂದದಲ್ಲಿ 'ಎ', 'ಬಿ' ಗುಂಪಿಗೆ ಶೇ 75, 'ಸಿ'ಗೆ ಶೇ 80, 'ಡಿ'ಗೆ ಶೇ 85 ಹುದ್ದೆ ಸ್ಥಳೀಯರಿಗೆ. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8. ಮುಲ್ಕಿಗೆ 15 ವರ್ಷದ ವಾಸ ಬೇಕಿತ್ತು, ಇದಕ್ಕೆ ಹತ್ತು. ಒಂದೇ ನೋವಿಗೆ ಸುಮಾರು ನೂರು ವರ್ಷದ ಅಂತರದಲ್ಲಿ ಎರಡು ಔಷಧ. ವ್ಯತ್ಯಾಸ ಇಷ್ಟು: ಮೊದಲನೆಯದು ಫರ್ಮಾನು, ದೊರೆ ಕೊಟ್ಟದ್ದು. ಎರಡನೆಯದು ಕೇಳಿ ಪಡೆದದ್ದು, ಸಂವಿಧಾನದಲ್ಲಿ ಬರೆಸಿದ್ದು.

ಖಾಸಗಿ ಕಂಪನಿಗಳ ವಿಷಯ ಬೇರೆ, ಅದನ್ನು ಇಲ್ಲಿ ಎರಡು ಮಾತಲ್ಲಿ ಮುಗಿಸುತ್ತೇನೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದಿ ಪುಣೆ, ಹೈದರಾಬಾದ್, ಬೆಂಗಳೂರಿಗೆ ಸಂದರ್ಶನಕ್ಕೆ ಹೋಗುವವರಿಗೆ ಮಾಹಿತಿ ಹಕ್ಕು ಕೆಲಸಕ್ಕೆ ಬಾರದು. ಅಲ್ಲಿ ಎದ್ದು ಬರುವ ಮೊದಲೇ 'ಉತ್ತರ ಯಾವತ್ತಿಗೆ ಬರುತ್ತದೆ, ಯಾರನ್ನು ಕೇಳಬೇಕು?' ಎಂದು ಕೇಳಿಕೊಳ್ಳಿ. ಅವತ್ತು ಸಂಜೆ ನಾಲ್ಕು ಸಾಲಿನ ಮೇಲ್ ಹಾಕಿ, ಧನ್ಯವಾದದ ಜೊತೆಗೆ ಸಂದರ್ಶನದಲ್ಲಿ ಬಂದ ಯಾವುದಾದರೂ ಒಂದು ಕೆಲಸದ ಮಾತನ್ನು ನೆನಪಿಸಿ. ಅವರು ಹೇಳಿದ ದಿನ ದಾಟಿದ ಮೇಲೆ ಒಮ್ಮೆ ಕೇಳಿ. ಎರಡನೇ ಸಲವೂ ಉತ್ತರ ಇಲ್ಲದಿದ್ದರೆ ಬೇರೆ ಬಾಗಿಲು ನೋಡಿ. ನೇಮಕಪತ್ರ ಕೊಡುವ ಮೊದಲು ಡಿಪಾಜಿಟ್ ಕೇಳಿದರೆ ಅದು ಕಂಪನಿಯಲ್ಲ, ಫೋನಿನಲ್ಲಿ ಬಂದ ಹೊಸ ವಶೀಲಿ.

ಕೊನೆಗೆ ಮತ್ತೊಂದು ಶಬ್ದ. 'ರಸೀದಿ' ಎಂಬುದೂ ಫಾರಸಿಯದೇ. ಅದರ ಮೂಲ ಅರ್ಥ 'ತಲುಪಿತು' ಎಂದು. ನಿಮ್ಮ ಕಾಗದ ನಮಗೆ ತಲುಪಿತು ಎಂದು ಕಚೇರಿ ತಾನೇ ಒಪ್ಪಿ, ತಾರೀಖು ಹಾಕಿ, ಮೊಹರು ಒತ್ತಿ ಕೊಡುವ ಚೀಟಿ. ಅಂಚೆಯಲ್ಲಿ ಕಳಿಸಿದರೆ ರಿಜಿಸ್ಟರ್ ಮಾಡಿಸಿದ ಚೀಟಿಯೇ ಪುರಾವೆ. ಮೇಲೆ ಹೇಳಿದ ಎಲ್ಲ ಗಡುವುಗಳ ಲೆಕ್ಕ ಶುರುವಾಗುವುದು ಇಂಥ ತಾರೀಖಿನಿಂದಲೇ.

ದಾರಿಯೂ ಈಗ ಮೊದಲಿನಷ್ಟು ದೂರವಿಲ್ಲ. ಹೈಕೋರ್ಟಿನ ಪೀಠ 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆಯಿತು. ಆಡಳಿತ ನ್ಯಾಯಮಂಡಳಿಯ ಪೀಠವೂ ಮಾಹಿತಿ ಆಯೋಗದ ಪೀಠವೂ ಕಲಬುರಗಿಗೆ ಬಂದಿವೆ. ಆಳಂದದಿಂದ ಕಲಬುರಗಿ ಸುಮಾರು 40 ಕಿಲೋಮೀಟರ್. ಬೆಳಿಗ್ಗೆ ಬಸ್ ಹತ್ತಿದವರು ಕಾಗದ ಕೊಟ್ಟು, ರಸೀದಿ ತಗೊಂಡು, ಸಂಜೆಯೊಳಗೆ ಮನೆ ಸೇರಬಹುದು.